ಮುದ್ದೆ ಪಕ್ಕ ಪ್ಲಾಸ್ಟಿಕ್ ಚಮಚ

ನವೆಂಬರ್ ಬಂತು ಅಂದ್ರೆ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಕಡೆ ಯಾವ ಬಡಾವಣೆಗೆ ಹೋದರೂ ಒಂದು ಶಾಮಿಯಾನ, ಒಂದು ಭುವನೇಶ್ವರಿ ಫೋಟೋ, ಎರಡು ದೊಡ್ಡ ಸ್ಪೀಕರ್ ಇದ್ದೇ ಇರುತ್ತವೆ. ಮಕ್ಕಳಿಗೆ ಚಿತ್ರ ಬಿಡಿಸೋದು, ಗಂಡಸರಿಗೆ ಹಗ್ಗ ಜಗ್ಗಾಟ, ಹೆಂಗಸರಿಗೆ ರಂಗೋಲಿ ಮತ್ತು ಅಡುಗೆ ಸ್ಪರ್ಧೆ. ಗಂಡಸರಿಗೆ ಯಾಕೆ ಅಡುಗೆ ಇಲ್ಲ ಅಂತ ಕೇಳಿದರೆ ಸಂಘದವರು ಜೋಕ್ ಹೇಳಿದ ಹಾಗೆ ನಗ್ತಾರೆ. ಹೋಗಲಿ, ಅದು ಬೇರೆ ಲೇಖನ.

ಕಳೆದ ಎರಡು ಮೂರು ವರ್ಷದಿಂದ ಈ ಸ್ಪರ್ಧೆಗಳಿಗೆ ಒಂದು ಹೊಸ ಹೆಸರು ಬಂದಿದೆ: ‘ಸಿರಿಧಾನ್ಯ ಮತ್ತು ಮರೆತುಹೋದ ಖಾದ್ಯ’. ಇದು ಬಡಾವಣೆಯವರ ಸ್ವಂತ ಐಡಿಯಾ ಅಲ್ಲ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಘೋಷಿಸಿತು, ಪ್ರಸ್ತಾವ ಇಟ್ಟಿದ್ದು ಭಾರತವೇ. ನಮ್ಮ ರಾಜ್ಯದ ಕೃಷಿ ಇಲಾಖೆ ಅರಮನೆ ಮೈದಾನದಲ್ಲಿ ಸಾವಯವ ಮತ್ತು ಸಿರಿಧಾನ್ಯ ಮೇಳ ಮಾಡುತ್ತೆ; ಅದಕ್ಕೆ ಮುಂಚೆ ಜಿಲ್ಲೆ ಜಿಲ್ಲೆಯಲ್ಲಿ ಪಾಕಸ್ಪರ್ಧೆ ಇಡುತ್ತೆ. ಸಿರಿಧಾನ್ಯದ ಸಿಹಿ, ಸಿರಿಧಾನ್ಯದ ಖಾರ, ಮರೆತುಹೋದ ಖಾದ್ಯ ಅಂತ ಅಲ್ಲಿ ವಿಭಾಗಗಳು. ಅದನ್ನು ಪೇಪರ್‌ನಲ್ಲಿ ನೋಡಿದವರು ತಮ್ಮ ತಮ್ಮ ಬೀದಿಗೂ ತಂದರು. ನಮ್ಮ ಬೀದಿಗೂ ಬಂತು, ಒಂದು ಹಳದಿ ಪಾಂಪ್ಲೆಟ್ ರೂಪದಲ್ಲಿ.

ಅಮ್ಮ ಪಾಂಪ್ಲೆಟ್ಟನ್ನ ಎರಡು ಸಲ ಓದಿ ಕೇಳಿದ್ದು ಒಂದೇ ಪ್ರಶ್ನೆ. “ಮರೆತೋಗಿರೋದು ಯಾರಿಗೆ?”

ನಂಗೆ ಆ ಪ್ರಶ್ನೆ ಇನ್ನೂ ಬಿಟ್ಟಿಲ್ಲ. ಪಾಂಪ್ಲೆಟ್‌ನಲ್ಲಿ ಉದಾಹರಣೆಗೆ ಅಂತ ಕೊಟ್ಟಿದ್ದ ಪಟ್ಟಿಯಲ್ಲಿ ಅಂಬಲಿ, ಹುರಿಹಿಟ್ಟು, ರಾಗಿ ಒತ್ತುಶಾವಿಗೆ, ಉಪ್ಸಾರು ಇದ್ದವು. ಉಪ್ಸಾರು ನಮ್ಮನೇಲಿ ವಾರಕ್ಕೆ ಒಂದು ಸಲವಾದ್ರೂ ಆಗುತ್ತೆ. ಹಿಂದಿನ ದಿನ ತಾನೇ ತಿಂದಿದ್ವಿ. ಮಾಗಡಿ ರೋಡಿನ ಎರಡೂ ಕಡೆ ಮಾಗಡಿ, ಕುಣಿಗಲ್, ಮಂಡ್ಯದ ಕಡೆಯಿಂದ ಬಂದು ನೆಲೆಸಿದ ಎಷ್ಟೋ ಮನೆಗಳಲ್ಲಿ ಅದು ನಿತ್ಯದ ಊಟ. ಅಡುಗೆ ಮಾಡೋರು ಅದನ್ನ ಮರೆತಿಲ್ಲ. ಅದನ್ನ ಮರೆತಿರೋರು ಪಾಂಪ್ಲೆಟ್ ಬರೆಯೋರು. ಅಥವಾ ಅವರ ಮನೆಯಲ್ಲಿ ಅದು ಯಾವತ್ತೂ ಇರಲೇ ಇಲ್ಲ. ಇರದೇ ಇದ್ದದ್ದನ್ನ ಮರೆಯೋದು ಹೇಗೆ ಅಂತ ಕೇಳಬೇಡಿ.

ಅಮ್ಮ ಹೆಸರು ಕೊಟ್ಟರು. ಮುದ್ದೆ, ಹುರುಳಿಕಾಳು ಉಪ್ಸಾರು.

ಫಾರಂ ತುಂಬೋ ಕೆಲಸ ನನ್ನದು. ‘ಬೇಕಾಗುವ ಸಾಮಗ್ರಿ ಮತ್ತು ಪ್ರಮಾಣ (ಗ್ರಾಂನಲ್ಲಿ)’ ಅಂತ ಒಂದು ಕಾಲಂ. ಹುರುಳಿಕಾಳು ಎಷ್ಟಮ್ಮ? “ಎರಡು ಹಿಡಿ.” ಉಪ್ಪು? “ನೋಡ್ಕೊಂಡು.” ಬೆಳ್ಳುಳ್ಳಿ? “ಒಂದು ಗಡ್ಡೆ, ಸಣ್ಣದಾದ್ರೆ ಒಂದೂವರೆ.” ಹುಣಸೆಹಣ್ಣು? “ಹಳೇದಾದ್ರೆ ಸ್ವಲ್ಪ ಕಮ್ಮಿ.” ನಾನು ಅಡುಗೆಮನೆಯ ಡಿಜಿಟಲ್ ತಕ್ಕಡಿ ಇಟ್ಟು, ಅಮ್ಮನ ಕೈಯಲ್ಲಿ ಹುರುಳಿಕಾಳು ಹಿಡಿಸಿದೆ. 42 ಗ್ರಾಂ. ಮತ್ತೆ ಹಿಡಿಸಿದೆ, 41. ಮತ್ತೆ, 42. ಆಚೆ ಹೋಗಿ ಬಟ್ಟೆ ಒಣಗಿಸಿ ಬಂದ ಮೇಲೆ ಹೇಳದೇ ಕೇಳದೇ ಮತ್ತೊಂದು ಸಲ: 43. ನಮ್ಮ ಮೆಷರ್ಮೆಂಟ್ಸ್ ಲ್ಯಾಬ್‌ನಲ್ಲಿ ಒಂದೇ ರೆಸಿಸ್ಟರ್‌ಗೆ ನಾಲ್ಕು ಜನ ನಾಲ್ಕು ರೀಡಿಂಗ್ ತಗೊಂಡು ಬರ್ತೀವಿ. ಕಣ್ಣಂದಾಜು, ಕೈಯಳತೆ ಅಂತ ನಾವು ಹಗುರವಾಗಿ ಹೇಳೋದು ನಿಜಕ್ಕೂ ಎಷ್ಟು ನಿಖರ ಅಂತ ನಂಗೆ ಗೊತ್ತಾಗಿದ್ದು ಆವತ್ತೇ. ಕಾಲಂನಲ್ಲಿ 84 ಗ್ರಾಂ ಅಂತ ಬರೆದೆ. ಅಮ್ಮ ಅದನ್ನ ನೋಡಿ, “ಇದೇನು ಔಷಧಿ ಚೀಟಿ ಥರ” ಅಂದ್ರು.

ಈಗ ಉಪ್ಸಾರಿನ ಬಗ್ಗೆ ಎರಡು ಮಾತು, ಹಾಸ್ಟೆಲ್‌ನಲ್ಲಿರೋ ಬೇರೆ ಕಡೆಯ ಗೆಳೆಯರಿಗಾಗಿ. ಕಾಳನ್ನ, ಬೇಕಾದ್ರೆ ಜೊತೆಗೆ ಸೊಪ್ಪನ್ನ, ಉಪ್ಪು ಹಾಕಿ ಬೇಯಿಸ್ತಾರೆ. ಬೆಂದ ನೀರನ್ನ ಬಸೀತಾರೆ. ಆ ನೀರೇ ಕಟ್ಟು. ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕರಿಮೆಣಸು, ಹುಣಸೆಹಣ್ಣು, ಉಪ್ಪು ಸೇರಿಸಿ ರುಬ್ಬಿದ್ದು ಖಾರ. ಬಸ್ಸಾರಿಗಾದ್ರೆ ಬಸಿದ ನೀರಿಗೆ ಮಸಾಲೆ ರುಬ್ಬಿ ಹಾಕಿ ಕುದಿಸಿಯೇ ಬಡಿಸ್ತಾರೆ. ಉಪ್ಸಾರಲ್ಲಿ ಹಾಗಲ್ಲ. ಕಟ್ಟು ಬೇರೆ, ಖಾರ ಬೇರೆ ತಟ್ಟೆಗೆ ಬರುತ್ತೆ. ಎಷ್ಟು ಖಾರ ಬೇಕೋ ಅಷ್ಟನ್ನ ಬೆರಳಲ್ಲಿ ಕಲಸಿಕೊಳ್ಳೋದು ತಿನ್ನೋರ ಕೆಲಸ. ಅಂದ್ರೆ ಈ ಅಡುಗೆ ಒಲೆ ಮೇಲೆ ಮುಗಿಯಲ್ಲ, ತಟ್ಟೆಯಲ್ಲಿ ಮುಗಿಯುತ್ತೆ. ಒಂದೇ ಪಾತ್ರೆಯಿಂದ ಬಡಿಸಿದರೂ ಅಪ್ಪನ ಉಪ್ಸಾರೇ ಬೇರೆ, ನನ್ನದೇ ಬೇರೆ.

ಸ್ಪರ್ಧೆ ದಿನ ಬೆಳಿಗ್ಗೆ ಹತ್ತೂವರೆಗೆ ಅಡುಗೆ ತಂದು ಟೇಬಲ್ ಮೇಲೆ ಇಡಬೇಕಿತ್ತು. ಮುಖ್ಯ ಅತಿಥಿ ಬಂದು, ದೀಪ ಹಚ್ಚಿ, ಭಾಷಣ ಮುಗಿಸಿ, ತೀರ್ಪುಗಾರರು ಟೇಬಲ್ ಹತ್ರ ಬಂದಾಗ ಹನ್ನೆರಡೂ ಮುಕ್ಕಾಲು. ಅಷ್ಟು ಹೊತ್ತು ಇಟ್ಟ ಮುದ್ದೆಗೆ ಏನಾಗುತ್ತೆ ಅಂತ ಗೊತ್ತಿರೋರಿಗೆ ಗೊತ್ತು. ಮೇಲೆ ಪದರ ಕಟ್ಟುತ್ತೆ, ಒಳಗೆ ಗಟ್ಟಿಯಾಗುತ್ತೆ. ಬಿಸಿ ಮುದ್ದೆ ಮುರಿದಾಗ ಬರೋ ಆ ಹಬೆ, ಆ ರಾಗಿ ವಾಸನೆ, ಯಾವುದೂ ಇರಲಿಲ್ಲ. ಇನ್ನೊಂದು ಕಡೆ ಕಪ್‌ಕೇಕ್, ಲಾಡು, ಬರ್ಫಿ ಎಲ್ಲಾ ಬೆಳಿಗ್ಗೆ ಹೇಗಿದ್ವೋ ಹಾಗೇ ಇದ್ವು. ಇದರಲ್ಲಿ ಯಾರ ಪಕ್ಷಪಾತವೂ ಇಲ್ಲ, ಬರೀ ಥರ್ಮೋಡೈನಮಿಕ್ಸ್.

ತೀರ್ಪುಗಾರರು ಮೂರು ಜನ. ಮೂವರ ಕೈಲೂ ಬಿಳಿ ಪ್ಲಾಸ್ಟಿಕ್ ಚಮಚ. ಒಬ್ಬರು ಮುದ್ದೆಯ ಅಂಚನ್ನ ಚಮಚದಲ್ಲಿ ಕೆರೆದು ಬಾಯಿಗಿಟ್ಟು ಅಗಿದರು. ಮುದ್ದೆಯನ್ನ ಅಗಿದರು! ಆಮೇಲೆ ಕಟ್ಟನ್ನ ಮಾತ್ರ ಒಂದು ಚಮಚ ಕುಡಿದು, “ಸ್ವಲ್ಪ ಸಪ್ಪೆ ಅಲ್ವಾ” ಅಂದ್ರು. ಎರಡನೆಯವರು ಖಾರವನ್ನ ಮಾತ್ರ ನಾಲಿಗೆಗೆ ಹಚ್ಚಿ ನೀರು ಕೇಳಿದ್ರು. ಮೂರನೆಯವರು ಎರಡೂ ಅಭಿಪ್ರಾಯವನ್ನ ಕೇಳಿಸಿಕೊಂಡು, ಅಲಂಕಾರಕ್ಕೆ ಕೊತ್ತಂಬರಿ ಸೊಪ್ಪು ಹಾಕಬಹುದಿತ್ತು ಅಂತ ಸಲಹೆ ಕೊಟ್ಟರು. ಅಮ್ಮ “ಕಲಸ್ಕೊಂಡು ತಿನ್ಬೇಕು ಮೇಡಂ” ಅಂತ ಒಂದು ಸಲ ಹೇಳಿದ್ರು. ಅಷ್ಟರಲ್ಲಿ ಅವರು ಮುಂದಿನ ತಟ್ಟೆಗೆ ಹೋಗಿದ್ರು.

ಮೊದಲ ಬಹುಮಾನ ನವಣೆ ಚಾಕೊಲೇಟ್ ಬ್ರೌನಿಗೆ. ಎರಡನೇದು ನಮ್ಮ ಮೇಲ್ಮನೆ ಆಂಟಿಯ ಮಾದಲಿಗೆ. ಅವರು ಧಾರವಾಡದ ಕಡೆಯವರು.

ಜಗಳ ಶುರುವಾಗಿದ್ದು ಸಂಜೆ, ನಮ್ಮ ಗೇಟ್ ಹತ್ರ. ಜಗಳ ಅಂದ್ರೆ ಜಗಳ ಅಲ್ಲ. ಐದಾರು ಹೆಂಗಸರು, ಮೆಟ್ಟಿಲ ಮೇಲೆ ಸೊಪ್ಪು ಬಿಡಿಸ್ತಾ, ಬ್ರೌನಿ ಮರೆತುಹೋದ ಖಾದ್ಯ ಹೇಗಾಯ್ತು ಅಂತ. ಪಕ್ಕದ ಮನೆಯವರು ರಾಗಿ ಸಿರಿಧಾನ್ಯವೇ ಅಲ್ಲ, ಹಾಗಾಗಿ ಮುದ್ದೆಗೆ ಮಾರ್ಕ್ಸ್ ಕಟ್ ಆಗಿರಬೇಕು ಅಂದ್ರು. ಈ ವಾದ ನೀವೂ ಕೇಳಿರ್ತೀರಾ. ಡಾ. ಖಾದರ್ ವಲಿ ಅವರು ಸಿರಿಧಾನ್ಯ ಅಂತ ಹೇಳೋದು ನವಣೆ, ಸಾಮೆ, ಹಾರಕ, ಊದಲು, ಕೊರಲೆ ಈ ಐದಕ್ಕೆ. ಸರ್ಕಾರದ ಪಟ್ಟಿಯಲ್ಲಿ ರಾಗಿ, ಜೋಳ, ಸಜ್ಜೆಯೂ ಸೇರ್ತವೆ. ನಮ್ಮ ಮೆಟ್ಟಿಲ ಮೇಲೆ ಅದು ಇತ್ಯರ್ಥವಾಗಲಿಲ್ಲ.

ಬ್ರೌನಿ ಪರ ಮಾತಾಡಿದ್ದು ಯಾರು ಗೊತ್ತಾ? ಸೋತ ಕಡೆಯವರೇ ಆದ ಧಾರವಾಡದ ಆಂಟಿ. “ಅಲ್ರೀ ಅಕ್ಕಾರ, ನನ್ನ ಮೊಮ್ಮಗ ನವಣಿ ಅನ್ನ ಮಾಡಿದ್ರ ತಾಟು ಸರಸ್ತಾನ. ಆಕಿ ಮಾಡಿದ್ದು ಎರಡು ತುಂಡು ತಿಂದ. ಹೊಟ್ಟಿಗೆ ನವಣಿ ಹೋತಿಲ್ಲೋ?” ಇದಕ್ಕೆ ಯಾರ ಹತ್ರಾನೂ ಉತ್ತರ ಇರಲಿಲ್ಲ. ನಾನು ಸುಮ್ಮನಿರದೆ ರವೆ ಇಡ್ಲಿ ವಿಷಯ ಎತ್ತಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಅಭಾವವಾದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ವಿ ಅಂತ ಎಂಟಿಆರ್‌ನವರು ಹೇಳ್ತಾರೆ. ಆವತ್ತು ಯಾರಾದ್ರೂ ಸ್ಪರ್ಧೆ ಇಟ್ಟಿದ್ರೆ, ಇದು ಇಡ್ಲಿಯೇ ಅಲ್ಲ ಅಂತ ಹೊರಗೆ ಹಾಕ್ತಿದ್ರು. ಇನ್ನೂ ಹಿಂದೆ ಹೋದ್ರೆ, ಮೂರನೇ ಮಂಗರಸ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ ಅಂತ ಅಡುಗೆ ಪುಸ್ತಕವೇ ಇದೆ, ಸುಮಾರು 500 ವರ್ಷ ಹಳೆಯದು. ಅವನ ಅಡುಗೆಮನೆಯಲ್ಲಿ ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ ಇರಲು ಸಾಧ್ಯವಿಲ್ಲ. ಅವೆಲ್ಲ ಅಮೆರಿಕ ಖಂಡದಿಂದ ಪೋರ್ಚುಗೀಸರ ನಂತರ ಬಂದವು. ಅಮ್ಮನ ಖಾರದಲ್ಲಿರೋ ಮೆಣಸಿನಕಾಯಿಯೂ ಒಂದು ಕಾಲದಲ್ಲಿ ಬ್ರೌನಿಯಷ್ಟೇ ಹೊಸದು. ಕರಿಮೆಣಸು ಮಾತ್ರ ನಮ್ಮದು.

“ಸರಿ ಬಿಡು, ನೀನು ಅವರ ಕಡೆ ಲಾಯರ್ರು” ಅಂದ್ರು ಅಮ್ಮ.

ಅಲ್ಲ. ಬ್ರೌನಿ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಒಂದು ತುಂಡು ತಿಂದೆ, ಚೆನ್ನಾಗಿತ್ತು. ನನ್ನ ತಕರಾರು ಬೇರೆ. ಆ ಟೇಬಲ್ ಮೇಲೆ ಎರಡು ಗಂಟೆ ಕೂತು, ತಣ್ಣಗಾಗಿ, ಒಂದು ಚಮಚದಲ್ಲಿ, ಬೇರೆ ಯಾವುದರ ಜೊತೆಗೂ ಸೇರದೆ ರುಚಿ ಕೊಡೋ ತಿಂಡಿ ಮಾತ್ರ ಗೆಲ್ಲೋ ಹಾಗೆ ನಿಯಮ ಇದೆ. ಮರೆತುಹೋದ ಖಾದ್ಯ ಅಂತ ಬೋರ್ಡ್ ಹಾಕಿ, ನೆನಪಿಟ್ಟುಕೊಂಡಿರೋರನ್ನೇ ಸೋಲಿಸೋ ಹಾಗೆ. ಗೆದ್ದ ಅಡುಗೆ ಮುಂದಿನ ವರ್ಷದವರಿಗೆ ಮಾದರಿಯಾಗುತ್ತೆ. ಈಗಾಗಲೇ ಇಬ್ಬರು ಓವನ್ ರೇಟ್ ವಿಚಾರಿಸ್ತಿದ್ದಾರೆ. ಇನ್ನೈದು ವರ್ಷ ಹೀಗೇ ನಡೆದರೆ ಉಪ್ಸಾರು ನಿಜವಾಗ್ಲೂ ಆ ಪಟ್ಟಿಗೆ ಅರ್ಹವಾಗುತ್ತೆ.

ಸ್ಪರ್ಧೆಯ ನಿಯಮ ಅಡುಗೆಯನ್ನ ಬದಲಾಯಿಸೋದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ ಪಿಲ್ಸ್‌ಬರಿ ಅನ್ನೋ ಹಿಟ್ಟಿನ ಕಂಪನಿ 1949ರಲ್ಲಿ ಮನೆ ಅಡುಗೆಯವರಿಗೆ ‘ಬೇಕ್-ಆಫ್’ ಸ್ಪರ್ಧೆ ಶುರು ಮಾಡಿತು. 1966ರಲ್ಲಿ ಎಲ್ಲಾ ಹೆಲ್ಫ್ರಿಚ್ ಅನ್ನೋ ಮಹಿಳೆ ಒಳಗೆ ಚಾಕೊಲೇಟ್ ಮೆತ್ತಗೆ ಉಳಿಯೋ ಒಂದು ಕೇಕ್ ಮಾಡಿದ್ರು, ಹೆಸರು ಟನಲ್ ಆಫ್ ಫಡ್ಜ್. ಸಿಕ್ಕಿದ್ದು ಎರಡನೇ ಬಹುಮಾನ. ಆದ್ರೆ ಜನ ಹಿಡಿದುಕೊಂಡಿದ್ದು ಅದನ್ನೇ. ಅದನ್ನ ಬೇಯಿಸೋ ನಡುವೆ ತೂತಿರೋ ಬಂಟ್ ಪಾತ್ರೆಗೆ ಅಂಗಡಿಗಳಲ್ಲಿ ಭಾರೀ ಬೇಡಿಕೆ ಬಂತು. ಈ ಕಥೆಯನ್ನ ನಾನು ಧಾರವಾಡದ ಆಂಟಿಗೆ ಹೇಳಿದಾಗ ಅವರಿಗೆ ಬಹಳ ಖುಷಿಯಾಯ್ತು. ಕಥೆಯ ಇನ್ನೊಂದು ಅರ್ಧ ಅಷ್ಟು ಖುಷಿಯದ್ದಲ್ಲ. ಆ ಕೇಕಿಗೆ ಕಂಪನಿಯದ್ದೇ ಒಂದು ಪ್ಯಾಕೆಟ್ ಮಿಕ್ಸ್ ಬೇಕಿತ್ತು. ಮುಂದೆ ಕಂಪನಿ ಆ ಪ್ಯಾಕೆಟ್ ಮಾಡೋದನ್ನ ನಿಲ್ಲಿಸಿತು. ಇದ್ದಕ್ಕಿದ್ದಂತೆ ಆ ರೆಸಿಪಿಯಲ್ಲಿ ಬರೆದ ಹಾಗೆ ಕೇಕ್ ಮಾಡೋಕೆ ಆಗ್ತಾ ಇರಲಿಲ್ಲ, ರೆಸಿಪಿಯನ್ನೇ ತಿದ್ದಬೇಕಾಯ್ತು. ಹುರುಳಿಕಾಳಿನ ಕಟ್ಟಿಗೆ ಆ ಭಯ ಇಲ್ಲ.

ಮಾರನೇ ದಿನ ಆಂಟಿ ಸ್ಟೀಲ್ ಡಬ್ಬಿಯಲ್ಲಿ ಮಾದಲಿ ತಂದುಕೊಟ್ಟರು. ಗೋಧಿ, ಕಡಲೆಬೇಳೆ, ಬೆಲ್ಲ, ಏಲಕ್ಕಿ. ಬಿಸಿ ಹಾಲು, ತುಪ್ಪ ಹಾಕಿಕೊಂಡು ತಿಂದ್ವಿ. ಸ್ಪರ್ಧೆಯಲ್ಲಿ ಅದನ್ನೂ ತೀರ್ಪುಗಾರರು ಒಣದಾಗೇ ಬಾಯಿಗೆ ಹಾಕಿಕೊಂಡಿದ್ರಂತೆ. ಅದರಲ್ಲಿ ಸಿರಿಧಾನ್ಯದ ಒಂದು ಕಾಳೂ ಇರಲಿಲ್ಲ ಅನ್ನೋದನ್ನ ನಾವ್ಯಾರೂ ಸಂಘಕ್ಕೆ ಹೇಳಿಲ್ಲ. ಡಬ್ಬಿಯನ್ನ ಖಾಲಿ ಕಳಿಸಬಾರದು ಅಂತ ಅಮ್ಮ ಅದರಲ್ಲಿ ಖಾರ ಹಾಕಿ, ಇನ್ನೊಂದು ಡಬ್ಬಿಯಲ್ಲಿ ಕಟ್ಟು ಕೊಟ್ಟರು. ರಾತ್ರಿ ಮೇಲಿಂದ ಆಂಟಿ ಕೂಗಿದ್ರು: “ಇದನ್ನ ರೊಟ್ಟಿ ಜೊತಿ ತಿಂದ್ರ ನಡೀತದೇನ್ರಿ?” ಅಮ್ಮ ಒಂದು ಕ್ಷಣ ಯೋಚನೆ ಮಾಡಿ, “ಖಾರ ಮಾತ್ರ ಹಚ್ಕೊಳ್ಳಿ, ಮೇಲೆ ಸ್ವಲ್ಪ ಎಣ್ಣೆ ಬಿಡಿ” ಅಂದ್ರು. ಜೋಳದ ರೊಟ್ಟಿಗೆ ಉಪ್ಸಾರಿನ ಖಾರ. ಯಾವ ವಿಭಾಗಕ್ಕೆ ಸೇರಿಸ್ತೀರೋ ನೋಡಿ.

ಇಷ್ಟೆಲ್ಲಾ ಬರೆಯೋಕೆ ಕಾರಣ, ನಮ್ಮ ಕಾಲೇಜ್ ಫೆಸ್ಟ್‌ಗೆ ಈ ಸಲ ಕನ್ನಡ ಸಂಘದಿಂದ ಅಡುಗೆ ಸ್ಪರ್ಧೆ ಇಡೋಣ ಅಂತ ಮಾತು ನಡೀತಿದೆ. ಪ್ರತಿ ವರ್ಷದ ಹಾಗೆ ‘ಬೆಂಕಿಯಿಲ್ಲದ ಅಡುಗೆ’ ಅಂತ ಇಟ್ಟು ಬ್ರೆಡ್ ಮೇಲೆ ಸೌತೆಕಾಯಿ ಜೋಡಿಸೋದು ಬೇಡ ಅನ್ನೋದು ನನ್ನ ಮನವಿ. ಕ್ಯಾಂಟೀನ್ ಹಿಂದಿನ ಶೆಡ್‌ನಲ್ಲಿ ನಾಲ್ಕು ಇಂಡಕ್ಷನ್ ಒಲೆ ಇಡಬಹುದು. ವೈರಿಂಗ್ ಲೋಡ್ ಎಷ್ಟು ತಡೆಯುತ್ತೆ ಅಂತ ಎಲೆಕ್ಟ್ರಿಕಲ್‌ನವರು ನೋಡಿ ಹೇಳ್ತಾರೆ. ಮಾಡಿದ ಅಡುಗೆಯನ್ನ ಮಾಡಿದವರೇ ತೀರ್ಪುಗಾರರಿಗೆ ಬಡಿಸಬೇಕು, ಹೇಗೆ ತಿನ್ನಬೇಕು ಅಂತ ಹೇಳಿಕೊಡಬೇಕು. ಬಡಿಸಿದ ಐದು ನಿಮಿಷದೊಳಗೆ ತೀರ್ಪುಗಾರರು ತಿನ್ನಬೇಕು. ಮುಖ್ಯ ಅತಿಥಿಗಳ ಭಾಷಣ ಆಮೇಲೆ. ಅಳತೆಯನ್ನ ಹಿಡಿ, ಚಿಟಿಕೆ, ಪಾವು, ಹೇಗೆ ಬೇಕಾದ್ರೂ ಬರೆಯಬಹುದು. ಹುಡುಗರೂ ಹೆಸರು ಕೊಡಬೇಕು.

ಈ ನಿಯಮಗಳನ್ನ ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಎಲ್ಲಾ ಸರಿ, ಕೈ ತೊಳೆಯೋಕೆ ನೀರು ಎಲ್ಲಿಟ್ಟಿದೀಯ?” ಅಂದ್ರು. ಅದನ್ನೂ ಸೇರಿಸಿದೀನಿ, ಆರನೇ ನಿಯಮ. ಹೆಸರು ಕೊಡೋರು ಶುಕ್ರವಾರದೊಳಗೆ ಕೊಡಿ.