ಅಜ್ಜಿ ನಕ್ಕ ಫೋಟೋ

ಸಾವಿನ ಮನೆಯಲ್ಲಿ ಅತ್ತು ಮುಗಿಸುವುದಕ್ಕೂ ಪುರಸೊತ್ತಿರುವುದಿಲ್ಲ. ಮದ್ದೂರಿನ ಹತ್ತಿರದ ಹಳ್ಳಿಯೊಂದರ ನಿವೃತ್ತ ಮೇಷ್ಟ್ರ ಮನೆಯಲ್ಲಿಯೂ ಹಾಗೇ ಆಯಿತು. ತಾಯಿಯನ್ನು ಮಣ್ಣು ಮಾಡಿ ಬಂದ ಮೂರನೆಯ ದಿನಕ್ಕೇ ಪ್ರೆಸ್ಸಿನವರು ಫೋನ್ ಮಾಡಿದರು. ‘ಹನ್ನೊಂದರ ತಿಥಿ ಕಾರ್ಡಿಗೆ ಅಮ್ಮನೋರ ಫೋಟೋ ನಾಳೆ ಸಂಜೆಯೊಳಗೆ ಬೇಕು ಸಾರ್.’

ಫೋಟೋಗೇನು ಬರವೇ? ಮನೆಯಲ್ಲಿ ಎಲ್ಲರ ಕೈಯಲ್ಲೂ ಫೋನಿದೆ. ಆದರೆ ಆ ಫೋನುಗಳಲ್ಲಿ ಇದ್ದದ್ದು ಕೊನೆಯ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದ ಅಜ್ಜಿ. ಆಧಾರ್ ಕಾರ್ಡಿನ ಫೋಟೋ ತೆಗೆದು ನೋಡಿದರು. ಮೇಷ್ಟ್ರ ತಂಗಿ, ‘ಇದು ನಮ್ಮವ್ವ ಅಂತ ಯಾರು ಹೇಳ್ತಾರಣ್ಣ?’ ಎಂದು ಮತ್ತೆ ಅಳತೊಡಗಿದರು. ಎಲ್ಲರ ನೆನಪಿನಲ್ಲಿ ಇದ್ದದ್ದು ಬೇರೊಂದು ಫೋಟೋ. 2011ರ ಬೇಸಗೆಯಲ್ಲಿ ಹಿತ್ತಿಲ ಮಾವಿನ ಮರದ ಕೆಳಗೆ, ಉಪ್ಪಿನಕಾಯಿ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜಿ ಬಾಯ್ತುಂಬ ನಕ್ಕ ಫೋಟೋ.

ಅದು ಎಲ್ಲಿ? ಮೇಷ್ಟ್ರಿಗೆ ಉತ್ತರ ಗೊತ್ತಿತ್ತು. 2010ರಲ್ಲಿ ಅವರು ಡಿಜಿಟಲ್ ಕ್ಯಾಮೆರಾ ಕೊಂಡಿದ್ದರು, ವಿಂಡೋಸ್ 7 ಇದ್ದ ಕಂಪ್ಯೂಟರನ್ನೂ ಕೊಂಡಿದ್ದರು. ನಾಲ್ಕು ವರ್ಷ ಬಿಟ್ಟು, ಅಂಗಡಿಯ ಹುಡುಗನ ಮಾತು ಕೇಳಿ ಒಂದು ಹಾರ್ಡ್ ಡಿಸ್ಕ್ ತಂದು ಎಲ್ಲವನ್ನೂ ‘ಬ್ಯಾಕಪ್’ ಮಾಡಿಟ್ಟರು. ಮುಂದೆ ಕಂಪ್ಯೂಟರ್ ಕೆಟ್ಟಾಗ, ‘ಬ್ಯಾಕಪ್ ಇದೆಯಲ್ಲ’ ಎಂಬ ಧೈರ್ಯದಲ್ಲಿ ಅದನ್ನು ಗುಜರಿಯವನಿಗೆ ಕೊಟ್ಟರು. ಹಾರ್ಡ್ ಡಿಸ್ಕ್ ಮಾತ್ರ ಬೀರುವಿನಲ್ಲಿ ಒಡವೆ ಡಬ್ಬಿಯ ಪಕ್ಕದಲ್ಲಿ ಬಟ್ಟೆ ಸುತ್ತಿಕೊಂಡು ಭದ್ರವಾಗಿ ಕೂತಿತು. ಅಷ್ಟು ವರ್ಷದಲ್ಲಿ ಒಂದು ಸಲವೂ ಅದನ್ನು ಯಾರೂ ತೆರೆದು ನೋಡಲಿಲ್ಲ.

ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಮಗಳು ಅದನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಡಿಸ್ಕ್ ತಿರುಗಿತು. ಒಳಗೆ ಒಂದೇ ಒಂದು ಫೋಲ್ಡರು. ತೆರೆಯಲು ಹೋದರೆ, ಬ್ಯಾಕಪ್ ಓದಲಾಗುತ್ತಿಲ್ಲ ಎಂಬ ಸೂಚನೆ ಬಂತು. ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ಕೂತರು. ‘ಅವ್ವನ್ನ ಎರಡನೇ ಸಲ ಕಳಕೊಂಡ ಹಾಗಾಯ್ತು ಕಣಮ್ಮ’ ಎಂದರು.

‘ಸುಮ್ಮನಿರಿ ಅಪ್ಪಾಜಿ, ಮೊದಲು ಒಂದು ನಕಲು ತಗೋತೀನಿ’ ಎಂದಳು ಮಗಳು. ಇದು ವಿದ್ಯಾರ್ಥಿಗಳು ಗಮನಿಸಬೇಕಾದ ಮಾತು. ಹಳೆಯ ಡಿಸ್ಕಿನ ಮೇಲೆ ನೇರವಾಗಿ ಪ್ರಯೋಗ ಮಾಡಬಾರದು, ಅದಕ್ಕೆ ಹೊಸದೇನನ್ನೂ ತುಂಬಬಾರದು. ‘ಟಿಕ್ ಟಿಕ್’ ಎಂದು ಸದ್ದು ಮಾಡಿದರಂತೂ ಕೂಡಲೇ ಆರಿಸಿ ಬಲ್ಲವರ ಕೈಗೆ ಕೊಡಬೇಕು. ಅದೃಷ್ಟಕ್ಕೆ ಈ ಡಿಸ್ಕ್ ಸದ್ದು ಮಾಡಲಿಲ್ಲ. ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಇಳಿಸಿಕೊಂಡು ಅವಳು ಆ ನಕಲಿನ ಮೇಲೆ ಕೆಲಸ ಶುರು ಮಾಡಿದಳು.

ವಿಂಡೋಸ್ 7ರ ಬ್ಯಾಕಪ್ ಫೋಟೋಗಳನ್ನು ಇದ್ದ ಹಾಗೇ ಇಡುವುದಿಲ್ಲ. ಸುಮಾರು 200 ಎಂಬಿಯ ‘ಜಿಪ್’ ಗಂಟುಗಳಾಗಿ ಕಟ್ಟಿಡುತ್ತದೆ. ಯಾವ ಗಂಟಿನಲ್ಲಿ ಏನಿದೆ ಎಂದು ಬರೆದುಕೊಂಡ ಪಟ್ಟಿ ಬೇರೆ ಇರುತ್ತದೆ. ಮೇಷ್ಟ್ರ ಡಿಸ್ಕಿನಲ್ಲಿ ಕೆಟ್ಟಿದ್ದದ್ದು ಆ ಪಟ್ಟಿ. ‘ಲೈಬ್ರರಿ ರಿಜಿಸ್ಟರ್ ಗೆದ್ದಲು ತಿಂದಿದೆ ಅಪ್ಪಾಜಿ. ಪುಸ್ತಕಗಳು ಕಪಾಟಿನಲ್ಲೇ ಇವೆ’ ಎಂದಳು ಮಗಳು. ಮೂವತ್ತು ವರ್ಷ ಶಾಲೆಯ ಲೈಬ್ರರಿ ನೋಡಿಕೊಂಡಿದ್ದ ಮೇಷ್ಟ್ರಿಗೆ ಜೀವ ಬಂತು.

ಪಟ್ಟಿ ಇಲ್ಲದ ಮೇಲೆ ಒಂದೊಂದೇ ಗಂಟು ಬಿಚ್ಚಬೇಕು. ಇದ್ದವು 64 ಗಂಟು. ಮಗಳು ಬೇಗ ಮುಗಿಸುವ ಆಸೆಯಿಂದ ಎಲ್ಲ ಫೋಟೋಗಳನ್ನೂ ಒಂದೇ ಫೋಲ್ಡರಿಗೆ ಸುರಿಯತೊಡಗಿದಳು. ‘ಈ ಹೆಸರಿನ ಫೋಟೋ ಆಗಲೇ ಇದೆ, ಅದರ ಮೇಲೆ ಹಾಕಲೇ?’ ಎಂದು ಕಂಪ್ಯೂಟರ್ ಕೇಳಿತು. ಹೌದು ಎನ್ನುವ ಹೊತ್ತಿಗೆ ಪಕ್ಕದಲ್ಲಿದ್ದ ತಾಯಿ, ‘ತಡಿಯೇ, ಒಂದೇ ಹೆಸರಿನೋರು ಊರಲ್ಲಿ ಎಷ್ಟು ಜನ ಇಲ್ಲ?’ ಎಂದರು. ನಿಜವೇ. ಕ್ಯಾಮೆರಾ ಫೋಟೋಗಳಿಗೆ ಕೊಡುವ ಅಂಕಿ ಕೆಲವು ಸಲ ಮತ್ತೆ ಒಂದರಿಂದ ಶುರುವಾಗುತ್ತದೆ. ತೊಟ್ಟಿಲು ಶಾಸ್ತ್ರದ ಒಂದನೆಯ ಫೋಟೋ, ಜಾತ್ರೆಯ ಒಂದನೆಯ ಫೋಟೋವನ್ನು ನುಂಗಿಬಿಡುತ್ತಿತ್ತು. ಗಂಟಿನೊಳಗೆ ಹಳೆಯ ಫೋಲ್ಡರುಗಳ ಹೆಸರೂ ಇದ್ದವು. ಅವನ್ನು ಉಳಿಸಿಕೊಂಡೇ ಬಿಚ್ಚಿದ ಮೇಲೆ ಪ್ರತಿ ಫೋಟೋ ತನ್ನ ಜಾಗದಲ್ಲಿ ಬಂದು ಕೂತಿತು.

ರಾತ್ರಿ ಎರಡು ಗಂಟೆ ಇರಬಹುದು. 41ನೆಯ ಗಂಟಿನಲ್ಲಿ ಮಾವಿನ ಮರ ಕಾಣಿಸಿತು. ಆಮೇಲೆ ಭರಣಿ. ಆಮೇಲೆ ಅಜ್ಜಿ. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರ ತಂಗಿ, ‘ಆ ಹೊತ್ತು ನಗಿಸಿದ್ದು ನಾನೇ’ ಎಂದರು.

ಎಲ್ಲವೂ ಸಿಕ್ಕಿತೆಂದಲ್ಲ. ಒಂದು ಗಂಟು ಏನು ಮಾಡಿದರೂ ಬಿಚ್ಚಿಕೊಳ್ಳಲಿಲ್ಲ. ಕ್ಯಾಮೆರಾ ಪ್ರತಿ ಫೋಟೋದೊಳಗೂ ತೆಗೆದ ದಿನಾಂಕ, ವೇಳೆಯನ್ನು ಬರೆದಿಟ್ಟಿರುತ್ತದೆ. ಆ ದಿನಾಂಕಗಳ ಪ್ರಕಾರ ಜೋಡಿಸಿದಾಗ 2013ರ ಜನವರಿಯಲ್ಲಿ ಒಂದು ಖಾಲಿ ಜಾಗ ಕಂಡಿತು. ಮಗಳು ಶಾಲಾ ವಾರ್ಷಿಕೋತ್ಸವದಲ್ಲಿ ಒನಕೆ ಓಬವ್ವನ ವೇಷ ಹಾಕಿದ್ದ ದಿನ ಅದು. ಅದರಲ್ಲಿ ಒಂದೇ ಒಂದು ಫೋಟೋ ಉಳಿದಿದೆ. ಅತ್ತೆ ಆಗಲೇ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಮಂಡ್ಯದ ತಮ್ಮ ಮನೆಯ ಗೋಡೆಗೆ ತೂಗುಹಾಕಿದ್ದರು.

ಬೆಳಗ್ಗೆ ಕಾಫಿ ಕುಡಿಯುವಾಗ ಮಗಳು ಒಂದು ಕತೆ ಹೇಳಿದಳು. 1998ರಲ್ಲಿ ಅಮೆರಿಕದ ಪಿಕ್ಸರ್ ಸ್ಟುಡಿಯೋದಲ್ಲಿ ‘ಟಾಯ್ ಸ್ಟೋರಿ 2’ ಕಾರ್ಟೂನ್ ಚಿತ್ರ ತಯಾರಾಗುತ್ತಿತ್ತು. ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಬಹುಪಾಲು ಅಳಿಸಿಹೋಯಿತು. ಬ್ಯಾಕಪ್ಪೇನೋ ಇತ್ತು, ಆದರೆ ಅದು ಸರಿಯಾಗಿ ನಡೆಯುತ್ತಿಲ್ಲವೆಂದು ತಿಳಿದದ್ದೇ ಆಗ. ಕೊನೆಗೆ ಉಳಿಸಿದ್ದು ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆಯ ಮನೆಯ ಕಂಪ್ಯೂಟರ್. ಹೆರಿಗೆಯಾದ ಮೇಲೆ ಮಗುವಿನ ಜೊತೆ ಇದ್ದುಕೊಂಡೇ ಕೆಲಸ ಮಾಡಲೆಂದು ಅವರು ಮನೆಯಲ್ಲೊಂದು ನಕಲು ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಸ್ಟುಡಿಯೋಗೆ ತಂದರು.

‘ಅಷ್ಟು ದೊಡ್ಡೋರೂ ಬಿಚ್ಚಿ ನೋಡಿರಲಿಲ್ವೇ?’ ಎಂದರು ಮೇಷ್ಟ್ರು. ಒಳಗಿನಿಂದ ಹೆಂಡತಿ ಹೇಳಿದರು: ‘ಅತ್ತೆ ಭರಣಿಗೆ ಬಟ್ಟೆ ಕಟ್ಟಿ ಸುಮ್ಮನೆ ಇಡ್ತಿದ್ರಾ? ತಿಂಗಳಿಗೊಂದು ಸಲ ಬಿಚ್ಚಿ, ಒಣಗಿದ ಸೌಟಲ್ಲಿ ತಿರುವಿ, ಬೂಷ್ಟು ಬಂದಿದೆಯಾ ಅಂತ ನೋಡ್ತಿದ್ರು.’

ಇದಕ್ಕಿಂತ ಚೆನ್ನಾಗಿ ಯಾವ ಕಂಪ್ಯೂಟರ್ ಪುಸ್ತಕವೂ ಹೇಳಲಾರದು. ಕಾಗದದ ಫೋಟೋ ಮಾಸಿದರೂ ಮುಖ ಗುರುತು ಸಿಗುತ್ತದೆ. ಡಿಜಿಟಲ್ ಫೋಟೋ ಹೋದರೆ ಒಟ್ಟಿಗೇ ಹೋಗುತ್ತದೆ. ಆದ್ದರಿಂದ ತಿಳಿದವರು ಮೂರು-ಎರಡು-ಒಂದು ಎಂಬ ಸೂತ್ರ ಹೇಳುತ್ತಾರೆ. ಮೂರು ಪ್ರತಿ ಇರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಬೇರೆ ಮನೆಯಲ್ಲಿರಲಿ. ಇದರ ಜೊತೆಗೆ, ಕಟ್ಟಿಟ್ಟದ್ದನ್ನು ಆಗಾಗ ಬಿಚ್ಚಿ ನೋಡಬೇಕು. ಬಿಚ್ಚಿ ನೋಡದ ಬ್ಯಾಕಪ್ ಬರೀ ನಂಬಿಕೆ.

ತಿಥಿಯ ದಿನ ಬಂದವರೆಲ್ಲ ಹೂವಿನ ಹಾರದ ನಡುವೆ ನಗುತ್ತಿದ್ದ ಅಜ್ಜಿಯ ಮುಂದೆ ಒಂದು ಗಳಿಗೆ ನಿಂತರು. ಮರುದಿನ ಮಗಳು ಹಾಸನಕ್ಕೆ ಹೊರಟಾಗ ಒಂದು ಡಿಸ್ಕ್ ಅವಳ ಚೀಲದಲ್ಲಿತ್ತು, ಇನ್ನೊಂದು ಮಂಡ್ಯದ ಅತ್ತೆಯ ಚೀಲದಲ್ಲಿತ್ತು. ಹೋಗುವ ಮುನ್ನ ಅವಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳ ಒಂದು ಭಾನುವಾರಕ್ಕೆ ಸುತ್ತು ಹಾಕಿ ಬರೆದಳು: ‘ಅಪ್ಪಾಜಿ, ಭರಣಿ ಬಿಚ್ಚಿ ನೋಡಿ.’