ಭಾಗವತನು ಬದಲಾದರೆ

ಗಾಯನವೇ ಪ್ರಾಣವಾಗಿರುವ ಒಂದು ಮಂಡಳಿಯಲ್ಲಿ ಮುಖ್ಯ ಗಾಯಕನು ಬಿಟ್ಟುಹೋದರೆ, ಅಥವಾ ಕಾಲವಶನಾದರೆ, ಆ ಮಂಡಳಿಯು ಉಳಿಯುವುದೇ? ಉಳಿದರೂ ಅದನ್ನು ಹಿಂದಿನ ಮಂಡಳಿಯೆಂದೇ ಕರೆಯಬಹುದೇ? ಈ ಪ್ರಶ್ನೆಯು ಮೇಲುನೋಟಕ್ಕೆ ಹುಡುಗರ ಹರಟೆಯಂತೆ ತೋರಬಹುದು. ಆದರೆ ಕಡೂರು, ತರೀಕೆರೆ, ಅಜ್ಜಂಪುರಗಳ ಸುತ್ತಣ ನಮ್ಮ ಹಳ್ಳಿಗಳಲ್ಲಿ ಇದು ಹರಟೆಯಲ್ಲ. ತಲೆತಲಾಂತರದಿಂದ ಬಂದ ಆಟವೊಂದು ಇರುವುದೋ ಅಳಿಯುವುದೋ ಎಂಬ ಮಾತು.

ಪಾಶ್ಚಾತ್ಯ ದೇಶಗಳಲ್ಲಿ ‘ರಾಕ್’ ಎಂಬ ಸಂಗೀತದ ತಂಡಗಳುಂಟು. ಮನೆಯ ಕಿರಿಯರು ಆ ಹಾಡುಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳುವುದನ್ನು ವಾಚಕರು ಕಂಡಿರಬಹುದು. ನನ್ನ ಮೊಮ್ಮಗನು ಇಂತಹ ಮೂರು ತಂಡಗಳ ಕಥೆಯನ್ನು ನನಗೆ ಹೇಳಿದನು. ಅಮೆರಿಕದ ‘ಡೋರ್ಸ್’ ತಂಡದ ಗಾಯಕ ಜಿಮ್ ಮಾರಿಸನ್ 1971ರಲ್ಲಿ ತೀರಿಕೊಂಡನು. ಉಳಿದವರು ತಾವೇ ಹಾಡಿ ನೋಡಿದರು. 1973ಕ್ಕೆ ತಂಡವು ಚದರಿತು. ಆಸ್ಟ್ರೇಲಿಯದ ‘ಎಸಿ/ಡಿಸಿ’ ತಂಡದ ಬಾನ್ ಸ್ಕಾಟ್ 1980ರ ಫೆಬ್ರವರಿಯಲ್ಲಿ ಸತ್ತನು. ಬ್ರಯನ್ ಜಾನ್ಸನ್ ಎಂಬ ಹೊಸ ಗಾಯಕನೊಡನೆ ಅದೇ ವರ್ಷ ಹೊರಬಂದ ಗೀತಸಂಪುಟವು ಲೋಕದಲ್ಲಿ ಅತ್ಯಧಿಕವಾಗಿ ಮಾರಾಟವಾದವುಗಳಲ್ಲಿ ಒಂದೆನಿಸಿತು. ಇಂಗ್ಲೆಂಡಿನ ‘ಕ್ವೀನ್’ ತಂಡದ ಫ್ರೆಡ್ಡಿ ಮರ್ಕ್ಯುರಿ 1991ರಲ್ಲಿ ಗತಿಸಿದನು. ಉಳಿದವರು ಈಚೆಗೆ ಹೊಸ ಗಾಯಕನ ಹೆಸರನ್ನು ತಂಡದ ಹೆಸರಿನ ಪಕ್ಕದಲ್ಲಿ ಕೂಡಿಸುವ ಗುರುತಿನೊಡನೆ ಬರೆದುಕೊಂಡು ಹಾಡುತ್ತಾರೆ. ಒಂದು ಅಳಿಯಿತು, ಒಂದು ಬೆಳೆಯಿತು, ಒಂದು ಸಂಕೋಚದಿಂದ ಬಾಳುತ್ತಿದೆ.

ಇದನ್ನು ಕೇಳಿದಾಗ ನನಗೆ ನೆನಪಾದುದು ಯಕ್ಷಗಾನದ ಭಾಗವತನು. ಅವನು ಬರಿಯ ಹಾಡುಗಾರನಲ್ಲ. ಬಣ್ಣ ಹಚ್ಚದಿದ್ದರೂ ಅವನನ್ನು ‘ಮೊದಲನೆಯ ವೇಷಧಾರಿ’ ಎನ್ನುವ ವಾಡಿಕೆಯುಂಟು. ಪದವನ್ನು ಎತ್ತುವವನು ಅವನು, ಕುಣಿತವನ್ನು ನಿಲ್ಲಿಸುವವನು ಅವನು; ಬೆಳಗಾಗುವ ಹೊತ್ತನ್ನು ನೋಡಿ ಕಥೆಯನ್ನು ಹಿಗ್ಗಿಸುವವನೂ ಕುಗ್ಗಿಸುವವನೂ ಅವನೇ. ಇಂಥವನು ಹೋದರೆ ಮೇಳವು ನಿಲ್ಲುವುದೆಂತು?

ನಾನು ಬಹುಕಾಲ ಹುಡುಗರಿಗೆ ವ್ಯಾಕರಣವನ್ನು ಹೇಳಿದವನಾದುದರಿಂದ ಯಾವ ಮಾತು ಬಂದರೂ ಬುದ್ಧಿಯು ಪಾಣಿನಿಯ ಕಡೆಗೆ ಹರಿಯುವುದು. ಒಂದು ಶಬ್ದರೂಪವು ಹೋಗಿ ಅದರ ಸ್ಥಳಕ್ಕೆ ಬೇರೊಂದು ಬಂದರೆ, ಹೋದುದನ್ನು ‘ಸ್ಥಾನಿ’ ಎಂದೂ ಬಂದುದನ್ನು ‘ಆದೇಶ’ ಎಂದೂ ಶಾಸ್ತ್ರದಲ್ಲಿ ಕರೆಯುವರು. ‘ಇದ್ದಾನೆ’ ಎಂಬುದಕ್ಕೆ ಸಂಸ್ಕೃತದಲ್ಲಿ ‘ಅಸ್ತಿ’ ಎನ್ನುತ್ತೇವೆ. ಮುಂದೆ ಇರುವನೆಂದು ಹೇಳಹೊರಟರೆ ‘ಅಸ್’ ಧಾತುವು ಹಿಂದೆ ಸರಿದು, ಅದರ ಸ್ಥಾನಕ್ಕೆ ‘ಭೂ’ ಬಂದು, ‘ಭವಿಷ್ಯತಿ’ ಎಂದಾಗುವುದು. ಹೀಗೆ ಬಂದ ಆದೇಶಕ್ಕೆ ಸ್ಥಾನಿಯ ಅಧಿಕಾರವೆಲ್ಲವೂ ಸಲ್ಲುವುದು. ಅದೂ ಧಾತುವೆಂದೇ ಎಣಿಕೆಯಾಗುವುದು. ಆದರೆ ಪಾಣಿನಿಯು ಒಂದು ಎಲ್ಲೆಯನ್ನು ಹಾಕಿದ್ದಾನೆ. ಸ್ಥಾನಿಯ ವರ್ಣವನ್ನೇ, ಎಂದರೆ ಅದರ ಧ್ವನಿಯನ್ನೇ, ಆಶ್ರಯಿಸಿದ ಕಾರ್ಯವು ಆದೇಶಕ್ಕೆ ಸಲ್ಲದು. ಪದವಿಯು ಬರುವುದು, ಕಂಠವು ಬರುವುದಿಲ್ಲ.

ಕರಾವಳಿಯ ಮೇಳಗಳನ್ನು ನೋಡಿದರೆ ಈ ಮಾತಿನ ಸತ್ಯವು ಗೊತ್ತಾಗುವುದು. ಬಡಗುತಿಟ್ಟಿನ ಗುಂಡ್ಮಿ ಕಾಳಿಂಗ ನಾವಡರು 1958ರಲ್ಲಿ ಹುಟ್ಟಿ, 1990ರಲ್ಲಿ ರಸ್ತೆಯ ಅಪಘಾತದಲ್ಲಿ ಗತಿಸಿದರು. ಸಾಲಿಗ್ರಾಮ ಮೇಳದಲ್ಲಿ ಅವರ ಪದವನ್ನು ಕೇಳುವುದಕ್ಕೆಂದೇ ಜನರು ಹಣ ಕೊಟ್ಟು ಡೇರೆಯೊಳಗೆ ಕೂಡುತ್ತಿದ್ದರು. ಅವರು ಹೋದ ಮೇಲೆ ಅದೇ ಧಾಟಿಯನ್ನು ಅನುಕರಿಸಿದವರು ಅನೇಕರು. ಆದರೆ ನಾವಡರಾದರೂ ತಮ್ಮ ಗುರು ನಾರಣಪ್ಪ ಉಪ್ಪೂರರ ಪ್ರತಿಧ್ವನಿಯಾಗಿರಲಿಲ್ಲವಷ್ಟೆ! ಗುರುವಿನಿಂದ ತಾಳವನ್ನೂ ಕ್ರಮವನ್ನೂ ಪಡೆದರು, ಕಂಠವು ಅವರದೇ. ಮೇಳವು ಆ ಪೆಟ್ಟನ್ನು ಸಹಿಸಿ ಮುಂದುವರಿಯಿತು.

ಕಟೀಲಿನಂತಹ ದೇವಸ್ಥಾನದ ಮೇಳಗಳ ಸ್ಥಿತಿಯು ಬೇರೆ. ಅಲ್ಲಿ ಆಟವನ್ನು ಆಡಿಸುವವನು ದೇವಿಗೆ ಹರಕೆ ಹೊತ್ತವನು. ಗಾಯಕನು ಯಾರಾದರೂ ಹರಕೆಯು ಸಲ್ಲುವುದು. ಅಲ್ಲಿ ಬಹುಕಾಲ ಹಾಡಿದ ಬಲಿಪ ನಾರಾಯಣ ಭಾಗವತರು (1938–2023) ತಾತನ ಹೆಸರನ್ನೂ ಹಾಡಿನ ಶೈಲಿಯನ್ನೂ ಒಟ್ಟಿಗೆ ಹೊತ್ತವರು. ಜನರು ಒಬ್ಬನ ಕಂಠಕ್ಕಾಗಿ ಬರುವಲ್ಲಿ ಗಾಯಕನ ಬದಲಾವಣೆಯು ಕಷ್ಟ. ಕಂಠಕ್ಕಿಂತ ದೊಡ್ಡದೊಂದಕ್ಕಾಗಿ ಬರುವಲ್ಲಿ ಸುಲಭ. ಇದಲ್ಲದೆ ಈ ಮೇಳಗಳಲ್ಲಿ ಇನ್ನೊಂದು ಜಾಣತನವಿದೆ. ರಾತ್ರಿಯ ಮೊದಲ ಭಾಗವನ್ನು ಕಿರಿಯ ಭಾಗವತನು ಹಾಡುವನು; ಪ್ರಸಂಗವು ಏರುವ ಹೊತ್ತಿಗೆ ಹಿರಿಯನು ಬಂದು ಕೂಡುವನು. ಹಿರಿಯನು ಬದುಕಿರುವಾಗಲೇ ಜನರ ಕಿವಿಗೆ ಕಿರಿಯನ ಸ್ವರವು ಒಗ್ಗಿರುತ್ತದೆ.

ನಮ್ಮ ಸೀಮೆಯ ಆಟವಾದರೋ ಮೂಡಲಪಾಯ. ಇಲ್ಲಿ ಸಂಬಳದ ಮೇಳವಿಲ್ಲ. ಸುಗ್ಗಿ ಮುಗಿದ ಮೇಲೆ ಒಕ್ಕಲಿನ ಮಕ್ಕಳೇ ತಾಲೀಮು ಮಾಡಿ ವರ್ಷಕ್ಕೊಂದು ಸಲ ಕುಣಿಯುವರು. ಭಾಗವತನೇ ಗುರು, ಪದಗಳ ಕೈಬರಹವು ಅವನ ಮನೆಯ ಅಟ್ಟದಲ್ಲಿ, ಮಟ್ಟುಗಳು ಅವನ ಗಂಟಲಲ್ಲಿ. ಅಜ್ಜಂಪುರದ ಕಡೆಯ ಒಂದು ಹಳ್ಳಿಯಲ್ಲಿ ಭಾಗವತನ ಉತ್ತರಕ್ರಿಯೆಯೊಡನೆ ಆಟವೂ ಮುಗಿಯಿತು. ಕಿರೀಟ, ಭುಜಕೀರ್ತಿಗಳು ಪೆಟ್ಟಿಗೆಯಲ್ಲಿ ಗೆದ್ದಲು ಹಿಡಿದುವು.

ನಮ್ಮ ಊರಿಗೂ ಮೂರು ವರ್ಷಗಳ ಹಿಂದೆ ಅದೇ ಗತಿ ಒದಗಿತು. ಭಾಗವತರು ತೀರಿಕೊಂಡ ಮೇಲೆ ಅರಳಿಕಟ್ಟೆಯ ಬಳಿ ಸಭೆ ಸೇರಿತು. ‘ಅವರ ಗೌರವಕ್ಕಾಗಿ ಆಟವನ್ನು ನಿಲ್ಲಿಸೋಣ’ ಎಂದರು ಕೆಲವರು. ‘ಅವರ ಪದಗಳೆಲ್ಲ ಮೊಬೈಲಿನಲ್ಲಿವೆ, ಅದನ್ನೇ ಹಾಕಿ ಕುಣಿಯೋಣ’ ಎಂದರು ಹುಡುಗರು. ‘ಮೇಷ್ಟ್ರು ಏನನ್ನುತ್ತೀರಿ?’ ಎಂದು ನನ್ನನ್ನೂ ಕೇಳಿದರು. ನಾನೆಂದೆ: ‘ನೋಡಪ್ಪಾ, ಕರಿಭಂಟನ ವೇಷದವನು ಉತ್ಸಾಹ ಬಂದು ಇನ್ನೊಂದು ಸುತ್ತು ಕುಣಿದರೆ ಭಾಗವತರು ಕಾಯುತ್ತಿದ್ದರು. ಮೊಬೈಲು ಕಾಯುತ್ತದೆಯೇ? ಅದರಲ್ಲಿರುವುದು ಅವರ ಕಂಠ ಮಾತ್ರ. ಅವರ ಕಣ್ಣು ಅದರಲ್ಲಿಲ್ಲ.’

ಭಾಗವತರ ಮೊಮ್ಮಗಳು ಕಡೂರಿನಲ್ಲಿ ಓದುತ್ತಿದ್ದಳು. ಚಿಕ್ಕಂದಿನಿಂದ ತಾತನ ಪಕ್ಕದಲ್ಲಿ ಕುಳಿತು ಹಿಂದಿನಿಂದ ದನಿಗೂಡಿಸಿ ಪದಗಳೆಲ್ಲವನ್ನೂ ಬಾಯಿಪಾಠ ಮಾಡಿದ್ದಳು. ಆಕೆಯ ಹೆಸರು ಬಂದೊಡನೆ ‘ಹೆಣ್ಣು ಭಾಗವತಿಕೆ ಮಾಡುವುದುಂಟೇ?’ ಎಂಬ ಆಕ್ಷೇಪವು ಎದ್ದಿತು. ತೆಂಕುತಿಟ್ಟಿನಲ್ಲಿ ಲೀಲಾವತಿ ಬೈಪಾಡಿತ್ತಾಯರು (1947–2024) ವೃತ್ತಿಮೇಳಗಳಲ್ಲಿಯೇ ರಾತ್ರಿಯೆಲ್ಲ ಹಾಡಿದವರೆಂದು ತಿಳಿಸಿದೆನು. ನಿಜವಾದ ತೊಡಕು ಶ್ರುತಿಯದು. ತಾತನ ಶ್ರುತಿಯಲ್ಲಿ ಆಕೆಯ ಸ್ವರವು ಏಳಲೊಲ್ಲದು. ಕೊನೆಗೆ ಹಾರ್ಮೋನಿಯಮ್ಮಿನ ಮನೆಯನ್ನು ಏರಿಸಿದರು. ಏರಿದ ಶ್ರುತಿಗೆ ಹೊಂದುವ ಮದ್ದಳೆಯನ್ನು ಬೇರೆ ತರಿಸಿದರು. ನಲವತ್ತು ವರ್ಷ ಒಂದೇ ಶ್ರುತಿಯಲ್ಲಿ ನುಡಿಸಿದ ಮದ್ದಳೆಗಾರರು ಒಂದು ತಿಂಗಳು ಗೊಣಗುತ್ತ ಅಭ್ಯಾಸ ಮಾಡಿದರು. ಹೊಸ ಗಾಯಕನು ಹಳೆಯ ಮಂಡಳಿಗೆ ಹೊಂದಬೇಕೆಂದು ಎಲ್ಲರೂ ಹೇಳುವರು. ಮಂಡಳಿಯೂ ಅವನಿಗೆ ಹೊಂದಬೇಕೆಂಬುದನ್ನು ಹೇಳುವವರು ಕಡಮೆ.

ಕಳೆದ ವರ್ಷ ಆಟವಾಯಿತು. ತಾತನ ಗೆಳೆಯರಾದ ಹಿರಿಯರೊಬ್ಬರು ನಡುರಾತ್ರಿಯಲ್ಲಿ ‘ಇದು ನಮ್ಮ ಆಟವಲ್ಲ’ ಎಂದು ಕಂಬಳಿ ಕೊಡವಿಕೊಂಡು ಎದ್ದುಹೋದರು. ಅವರ ದುಃಖವನ್ನು ಹಳಿಯಲಾರೆ. ಅವರು ಬಯಸಿದ ಸ್ವರವು ಅಲ್ಲಿರಲಿಲ್ಲ, ಇನ್ನೆಂದೂ ಇರದು. ಮಿಕ್ಕವರು ಬೆಳಗಿನ ಮಂಗಳದವರೆಗೂ ಕುಳಿತಿದ್ದರು. ಈಗ ಇಬ್ಬರು ಹುಡುಗರು ಆಕೆಯ ಬಳಿ ಪದ ಕಲಿಯಲು ಬರುತ್ತಿದ್ದಾರೆ; ಕೈಬರಹವು ಅಟ್ಟದಿಂದ ಇಳಿದಿದೆ.

ಆದುದರಿಂದ ವಾಚಕಮಹಾಶಯರಲ್ಲಿ ನನ್ನ ಬಿನ್ನಹವಿಷ್ಟೆ. ನಿಮ್ಮ ಊರಿನ ಭಜನೆಯಲ್ಲಾಗಲಿ, ಆಟದಲ್ಲಾಗಲಿ, ಹಿರಿಯ ಕಂಠವು ಇನ್ನೂ ಗಟ್ಟಿಯಾಗಿರುವಾಗಲೇ ಅದರ ಪಕ್ಕದಲ್ಲಿ ಒಂದು ಎಳೆಯ ಕಂಠವನ್ನು ಕೂರಿಸಿರಿ. ಅದು ಹಿರಿಯನಂತೆ ಹಾಡಲಿ ಎಂದು ಹಟ ಹಿಡಿಯಬೇಡಿರಿ. ‘ಅಸ್ತಿ’ ಎಂಬುದು ಇಂದಿಗೆ ಸಾಕು. ಆದರೆ ಅದಕ್ಕೊಂದು ಭವಿಷ್ಯವು ಬೇಕಾದರೆ ಆದೇಶವು ಬರಲೇಬೇಕೆಂಬುದು ವ್ಯಾಕರಣದ ಕಟ್ಟಳೆ.