ಹೆಸರಿಲ್ಲದ ಬೀದಿಯಲ್ಲಿ ಒಂದು ವಿಳಾಸ

ಟೋಕಿಯೋ ನಗರದ ಬೀದಿಗಳಿಗೆ ಹೆಸರಿಲ್ಲ. ಕೆಲವು ರಾಜಬೀದಿಗಳಿಗೆ ಹೆಸರುಂಟೆಂಬುದು ನಿಜ. ಆದರೆ ಆ ಹೆಸರನ್ನು ಯಾರೂ ಲಕೋಟೆಯ ಮೇಲೆ ವಿಳಾಸವಾಗಿ ಬರೆಯುವುದಿಲ್ಲ. ಅಲ್ಲಿ ಹೆಸರೂ ಸಂಖ್ಯೆಯೂ ಸಲ್ಲುವುದು ಬೀದಿಗಳ ನಡುವಣ ನೆಲದ ತುಂಡಿಗೆ. ಬೀದಿಯೆಂದರೆ ಎರಡು ತುಂಡುಗಳ ನಡುವೆ ಜನರು ಓಡಾಡಲೆಂದು ಬಿಟ್ಟ ಬಯಲು, ಅಷ್ಟೆ. ಊರಿನ ವಾರ್ಡು, ಅದರೊಳಗೊಂದು ಪೇಟೆ, ಪೇಟೆಯೊಳಗೆ ‘ಚೋಮೆ’ ಎಂಬ ವಿಭಾಗ, ವಿಭಾಗದೊಳಗೆ ತುಂಡಿನ ಸಂಖ್ಯೆ, ಕಡೆಗೆ ಮನೆಯ ಸಂಖ್ಯೆ - ಹೀಗೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ಬಂದು, ಎಲ್ಲಕ್ಕೂ ಕೊನೆಯಲ್ಲಿ ಮನುಷ್ಯನ ಹೆಸರು ಬರುತ್ತದೆ. ನಾವು ಮೊದಲು ವ್ಯಕ್ತಿಯನ್ನು ಕರೆದು ಆಮೇಲೆ ಅವನ ಊರನ್ನು ಕೇಳುವವರು. ಅವರು ಮೊದಲು ಊರನ್ನು ಗೊತ್ತುಮಾಡಿಕೊಂಡು ಆಮೇಲೆ ವ್ಯಕ್ತಿಯನ್ನು ಹುಡುಕುವವರು.

ಹಿಂದೆ ಮನೆಗಳ ಸಂಖ್ಯೆ ಜಮೀನಿನ ದಾಖಲೆಯಲ್ಲಿ ಬಂದ ಕ್ರಮದಂತಿದ್ದು, ಮೂರರ ಪಕ್ಕದಲ್ಲಿ ಇಪ್ಪತ್ತೇಳು ಇರುತ್ತಿದ್ದುದುಂಟಂತೆ. 1962ರಲ್ಲಿ ಒಂದು ಕಾಯಿದೆ ಮಾಡಿ, ಪ್ರತಿಯೊಂದು ತುಂಡಿನ ಸುತ್ತಲೂ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸಂಖ್ಯೆ ಕೊಡುವ ಪದ್ಧತಿಯನ್ನು ಜಾರಿಗೆ ತಂದರು. ಆದರೂ ಹೊಸಬರಿಗೆ ದಾರಿ ತಪ್ಪದೆ ಇರುವುದಿಲ್ಲ. ಅದಕ್ಕಾಗಿಯೇ ಮೂಲೆಮೂಲೆಗೂ ‘ಕೋಬಾನ್’ ಎಂಬ ಪುಟ್ಟ ಪೋಲೀಸ್ ಠಾಣೆಗಳಿವೆ. ಗೋಡೆಯ ಮೇಲೆ ಆ ಪೇಟೆಯ ನಕ್ಷೆ ಇರುತ್ತದೆ. ಜಯನಗರದ ಬ್ಲಾಕು, ಮೇನು, ಕ್ರಾಸುಗಳಲ್ಲಿ ಗಣಪತಿ ಗುಡಿಯನ್ನೂ ಹಾಲಿನ ಬೂತನ್ನೂ ಗುರುತಾಗಿ ಹಿಡಿದು ಮನೆ ಹುಡುಕಿದ ಬೆಂಗಳೂರಿನವರಿಗೆ ಇದು ಅಷ್ಟೇನೂ ಕಷ್ಟವಲ್ಲ. ಕಷ್ಟವಿರುವುದು ವಿಳಾಸವನ್ನು ಹುಡುಕುವುದರಲ್ಲಲ್ಲ. ಅದು ನಮ್ಮದೇ ಎಂದು ತೋರಿಸುವುದರಲ್ಲಿ.

2018ರ ಅಕ್ಟೋಬರಿನಲ್ಲಿ ನಮ್ಮ ಯಜಮಾನರಿಗೆ ಅವರ ಕಂಪೆನಿಯು ಟೋಕಿಯೋದಲ್ಲಿ ಕೆಲಸ ಕೊಟ್ಟು ಕಳುಹಿಸಿತು. ಮೈಸೂರಿನ ಮನೆಗೆ ಬೀಗ ಹಾಕಿ ನಾವಿಬ್ಬರೂ ಹೊರಟೆವು. ನರೀತಾ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟು ನೋಡುವ ಅಧಿಕಾರಿಯು, ಮೂರು ತಿಂಗಳಿಗಿಂತ ಹೆಚ್ಚು ಕಾಲ ನೆಲಸಲು ಬಂದವರೆಂದು ತಿಳಿದು, ಕೆಲವೇ ನಿಮಿಷಗಳಲ್ಲಿ ನಮಗೊಂದೊಂದು ‘ಝೈರ್ಯೂ ಕಾರ್ಡು’ ಕೊಟ್ಟನು. ವಾಸದ ಪರವಾನಗಿಯ ಚೀಟಿ ಅದು. ಅದರಲ್ಲಿ ನಮ್ಮ ಚಿತ್ರ, ಹೆಸರು, ಹುಟ್ಟಿದ ದಿನ, ದೇಶ ಎಲ್ಲವೂ ಇದ್ದುವು. ವಿಳಾಸವಿರಬೇಕಾದ ಸಾಲಿನಲ್ಲಿ ಮಾತ್ರ ಎರಡು ಚಿತ್ರಾಕ್ಷರಗಳು: ‘ಮಿತೇಯ್’. ‘ಇನ್ನೂ ಗೊತ್ತಾಗಿಲ್ಲ’ ಎಂದು ಅದರ ಅರ್ಥ. ತಿಳಿಸಿದ ಮೇಲೆ ಹಿಂಬದಿಯಲ್ಲಿ ಬರೆಯಲಾಗುವುದೆಂದು ಅದರ ಪಕ್ಕದಲ್ಲಿಯೇ ಅಚ್ಚಾಗಿತ್ತು. ಮೂವತ್ತೆಂಟು ವರ್ಷ ಒಂದೇ ಊರಿನಲ್ಲಿ ಬಾಳಿದವಳಿಗೆ, ‘ಎಲ್ಲಿಯವಳೆಂಬುದು ಇನ್ನೂ ಗೊತ್ತಾಗಿಲ್ಲ’ ಎಂಬ ಚೀಟಿಯನ್ನು ಕೈಯಲ್ಲಿ ಹಿಡಿದು ನಿಲ್ಲುವುದು ವಿಚಿತ್ರವಾಗಿಯೇ ತೋರಿತು.

ಕಂಪೆನಿಯ ತಂಗುಮನೆಯಲ್ಲಿ ಉಳಿದುಕೊಂಡು ಮನೆ ಹುಡುಕಿದ ಹತ್ತು ದಿನಗಳನ್ನು ವಿಸ್ತರಿಸಿ ಹೇಳಲಾರೆ. ಒಬ್ಬ ದಲ್ಲಾಳಿಯು ದೂರವಾಣಿಯಲ್ಲಿ ಮಾಲೀಕರೊಡನೆ ಮಾತನಾಡಿ, ನಮ್ಮ ಕಡೆಗೆ ತಿರುಗಿ, ಎರಡು ಕೈಗಳನ್ನೂ ಎದೆಯ ಮುಂದೆ ಗುಣಿಸುವ ಗುರುತಿನಂತೆ ಹಿಡಿದು, ಬಹು ವಿನಯದಿಂದ ತಲೆಬಾಗಿದನು. ಪರದೇಶದವರಿಗೆ ಕೊಡುವುದಿಲ್ಲವಂತೆ. ಇನ್ನೊಂದು ಕಡೆ ಜಪಾನೀಯನೇ ಜಾಮೀನು ನಿಲ್ಲಬೇಕೆಂದರು. ಮುಂಗಡದ ಹಣವಲ್ಲದೆ ‘ರೇಯ್‌ಕಿನ್’ ಎಂಬ ಕಾಣಿಕೆಯನ್ನೂ ಮಾಲೀಕರಿಗೆ ಒಪ್ಪಿಸಬೇಕು. ಅದು ಹಿಂದಿರುಗಿ ಬರುವ ಹಣವಲ್ಲ. ನಮಗೊಬ್ಬರಿಗೇ ಹೀಗಾಯಿತೆಂದು ತಿಳಿಯಬಾರದು. ಜಪಾನಿನ ನ್ಯಾಯ ಸಚಿವಾಲಯವೇ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಮನೆ ಹುಡುಕಿದ ಪರದೇಶೀಯರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿಗೆ ಪರದೇಶದವರೆಂಬ ಕಾರಣದಿಂದಲೇ ಮನೆ ಸಿಕ್ಕಿರಲಿಲ್ಲ. ನಮ್ಮ ಊರುಗಳಲ್ಲಿ ಜಾತಿಯನ್ನೋ ಊಟವನ್ನೋ ಕೇಳಿ ಮನೆ ಕೊಡುವವರನ್ನು ಕಂಡ ನನಗೆ ಅವರನ್ನು ದೂರುವ ಬಾಯಿ ಬರಲಿಲ್ಲ.

ಕೊನೆಗೆ ಕಂಪೆನಿಯವರು ತಮ್ಮ ಹೆಸರಿನಲ್ಲಿಯೇ ನಿಶಿ-ಕಸಾಯ್ ಎಂಬಲ್ಲಿ ಒಂದು ಮನೆ ಹಿಡಿದುಕೊಟ್ಟರು. ಟೋಕಿಯೋದ ಪೂರ್ವದಂಚಿನಲ್ಲಿ, ಎದೋಗಾವಾ ವಾರ್ಡಿನಲ್ಲಿರುವ ಪೇಟೆ ಅದು. ಸಮುದ್ರವನ್ನು ಹಿಂದಕ್ಕೆ ತಳ್ಳಿ ಪಡೆದ ನೆಲ ಅಲ್ಲಿ ಬಹಳ. ಸಾಲುಸಾಲಾಗಿ ನಿಂತ ಎತ್ತರದ ವಠಾರಗಳು, ಅವುಗಳ ನಡುವೆ ಮಕ್ಕಳ ಉದ್ಯಾನಗಳು, ಸೇತುವೆಯ ಮೇಲೆ ಹಾಯುವ ತೋಝಾಯ್ ಮಾರ್ಗದ ರೈಲು. ಆ ರೈಲು ನೇರವಾಗಿ ಓತೆಮಾಚಿಯ ಬ್ಯಾಂಕುಗಳ ಬೀಡಿಗೆ ಹೋಗುತ್ತದೆ. 2000ದ ಇಸವಿ ಹುಟ್ಟಿದೊಡನೆ ಗಣಕಯಂತ್ರಗಳೆಲ್ಲ ಕೆಡುವುವೆಂಬ ಭಯ ಲೋಕವನ್ನು ಹಿಡಿದಿದ್ದಾಗ, ಆ ಬ್ಯಾಂಕುಗಳ ಯಂತ್ರಗಳನ್ನು ಸರಿಪಡಿಸಲು ನಮ್ಮ ದೇಶದ ತಂತ್ರಜ್ಞರು ಬಂದರು. ಸರ್ಕಾರಿ ವಸತಿ ಸಂಸ್ಥೆಯ ವಠಾರಗಳಲ್ಲಿ ಕಾಣಿಕೆಯಿಲ್ಲ, ಜಾಮೀನಿಲ್ಲ, ಯಾವ ದೇಶವೆಂಬ ಹಂಗಿಲ್ಲ. ಆದುದರಿಂದ ಅವರು ಇಲ್ಲಿಯೇ ನೆಲಸಿದರು. ಈಗ ಅಲ್ಲಿ ತೊಗರಿಬೇಳೆ ಸಿಗುತ್ತದೆ, ಕರಿಬೇವು ಸಿಗುತ್ತದೆ, ದೀಪಾವಳಿಯ ಮೇಳವೂ ನಡೆಯುತ್ತದೆ. ನಮ್ಮ ಮಹಡಿಯಲ್ಲಿಯೇ ಹತ್ತು ವರ್ಷದಿಂದ ಇದ್ದ ಧಾರವಾಡದವರೊಬ್ಬರ ಸಂಸಾರವಿದ್ದುದು ನಮ್ಮ ಪುಣ್ಯ.

ಮನೆ ಸೇರಿದ ಹದಿನಾಲ್ಕು ದಿನಗಳೊಳಗೆ ವಾರ್ಡಿನ ಕಛೇರಿಗೆ ಹೋಗಿ ವಿಳಾಸವನ್ನು ತಿಳಿಸಬೇಕು. ತಪ್ಪಿದರೆ ಎರಡು ಲಕ್ಷ ಯೆನ್‌ಗಳವರೆಗೆ ದಂಡ. ತೊಂಬತ್ತು ದಿನ ಕಳೆದರೂ ತಿಳಿಸದಿದ್ದರೆ, ಅಥವಾ ಸುಳ್ಳು ವಿಳಾಸ ಬರೆಸಿದರೆ, ವಾಸದ ಹಕ್ಕನ್ನೇ ಹಿಂದಕ್ಕೆ ತೆಗೆದುಕೊಳ್ಳಬಹುದು. ಇಷ್ಟು ಬಿಗಿಯಾದ ಕಾನೂನಿದ್ದ ಮೇಲೆ ಬಾಡಿಗೆಯ ಕರಾರು, ವಿದ್ಯುತ್ತಿನ ರಸೀತಿ, ಮಾಲೀಕರ ಒಪ್ಪಿಗೆ ಎಲ್ಲವನ್ನೂ ಕೇಳುವರೆಂದು ನಾವು ಒಂದು ಚೀಲದ ತುಂಬ ಕಾಗದಗಳನ್ನು ಹೊತ್ತು ಹೋದೆವು. ಸರದಿಯ ಚೀಟಿ ಪಡೆದು ಕಾದು ಕುಳಿತು, ನಮ್ಮ ಸಂಖ್ಯೆ ಬಂದಾಗ ಗುಮಾಸ್ತೆಯಾದ ಆ ಹೆಣ್ಣುಮಗಳ ಮುಂದೆ ನಿಂತೆವು. ಅವಳು ಅವಾವುದನ್ನೂ ಕೇಳಲಿಲ್ಲ. ಒಂದು ನಮೂನೆಯಲ್ಲಿ ಎಲ್ಲಿ ವಾಸವೆಂದು ಬರೆಯಿರಿ ಎಂದಳು, ಬರೆದೆವು, ನಂಬಿದಳು. ಮನೆ ನಮ್ಮದೆಂಬುದಕ್ಕೆ ನಮ್ಮ ಮಾತೇ ಸಾಕಾಯಿತು.

ಸಾಲದೆ ಹೋದುದು ಬೇರೊಂದು ಮಾತು. ಅಲ್ಲಿಯ ನಿವಾಸಿಗಳ ದಾಖಲೆ ಸಂಸಾರದ ಲೆಕ್ಕದಲ್ಲಿರುತ್ತದೆ. ಪ್ರತಿ ಮನೆಗೂ ಒಬ್ಬ ‘ಸೆತಾಯ್‌ನುಶಿ’ ಇರಬೇಕು. ಕನ್ನಡದಲ್ಲಿ ಹೇಳಬೇಕೆಂದರೆ ಯಜಮಾನ. ಆ ಮಟ್ಟಿಗೆ ನಾನು ಅವರನ್ನು ಕರೆಯುವ ರೀತಿಯೂ ಜಪಾನ್ ಸರ್ಕಾರ ಕರೆಯುವ ರೀತಿಯೂ ಒಂದೇ ಆಯಿತು. ಉಳಿದವರೆಲ್ಲ ಯಜಮಾನನಿಗೆ ಏನಾಗಬೇಕೆಂಬುದನ್ನು ಬರೆಯಬೇಕು. ‘ಹೆಂಡತಿ’ ಎಂದು ಬರೆಸಲು ನನ್ನ ಮಾತಾಗಲಿ ಅವರ ಮಾತಾಗಲಿ ಸಾಲದು. ಮದುವೆಯ ದಾಖಲೆ ಬೇಕು, ಅದರ ಜಪಾನೀ ಅನುವಾದವೂ ಬೇಕು. ಮೈಸೂರಿನ ಉಪನೋಂದಣಾಧಿಕಾರಿಯ ಮೊಹರಿದ್ದ ಪತ್ರ ಚೀಲದಲ್ಲಿಯೇ ಇತ್ತು. ಅನುವಾದವಿರಲಿಲ್ಲ. ಅನುವಾದವಿಲ್ಲದಿದ್ದರೆ ಏನೆಂದು ಬರೆಯುತ್ತೀರಿ ಎಂದು ನಮ್ಮವರು ಕೇಳಿಸಿದರು. ಆಕೆ ಬಹಳ ಸಂಕೋಚದಿಂದ ‘ಎಂಕೋಶ’ ಎಂದಳು. ‘ಏನೋ ಒಂದು ನಂಟಿನವರು’ ಎಂದು ಅರ್ಥ ಮಾಡಿಕೊಳ್ಳಬಹುದು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹದಿನಾರು ವರ್ಷ ಸಂಸಾರ ಮಾಡಿದ ಮೇಲೆ ‘ಏನೋ ಒಂದು ನಂಟಿನವಳು’ ಎಂದು ಸರ್ಕಾರದ ಕಡತದಲ್ಲಿ ಕುಳಿತುಕೊಳ್ಳಲು ನನಗೆ ಮನಸ್ಸಿರಲಿಲ್ಲ. ನಮ್ಮ ಯಜಮಾನರು ರಜೆ ಮುಗಿಯುವುದೆಂದು ಅವಸರಪಡುತ್ತಿದ್ದರು. ಈಗ ಹಾಗೆಯೇ ಬರೆಸಿ ಆಮೇಲೆ ತಿದ್ದಿಸೋಣವೆಂದರು. ‘ನೀವು ಬೇಕಾದರೆ ನಂಟರಾಗಿ, ನಾನು ನಾಳೆ ಬರುತ್ತೇನೆ’ ಎಂದು ಹೇಳಿ ಹೊರಗೆ ಬಂದೆ.

ಸಂಜೆ ಧಾರವಾಡದವರ ಮನೆಗೆ ಪತ್ರವನ್ನು ತೆಗೆದುಕೊಂಡು ಹೋದೆವು. ‘ಕಾಳಜಿ ಮಾಡಬ್ಯಾಡ್ರಿ ವೈನಿ, ಅರ್ಧಾ ತಾಸಿನ ಕೆಲಸ ಐತಿ’ ಎಂದು ಅವರು ಬರೆಯಲು ಕುಳಿತರು. ಯಾರು ಅನುವಾದಿಸಿದರೂ ನಡೆಯುತ್ತದೆ. ಕೆಳಗೆ ಅನುವಾದಕರ ಹೆಸರು, ವಿಳಾಸ, ತಾರೀಖು ಇದ್ದರೆ ಸರಿ. ಅರ್ಧ ತಾಸು ಎಂದುದು ಎರಡು ತಾಸಾಯಿತು. ಉಪನೋಂದಣಾಧಿಕಾರಿಗೆ ಜಪಾನಿಯಲ್ಲಿ ಏನೆನ್ನಬೇಕೆಂಬುದೇ ಒಂದು ಚರ್ಚೆ. ನನ್ನ ತಂದೆಯವರ ಹೆಸರನ್ನು ಅಲ್ಲಿಯ ಅಕ್ಷರಗಳಲ್ಲಿ ಬರೆದಾಗ ‘ಲ’ಕಾರವೆಲ್ಲ ‘ರ’ಕಾರವಾಗಿ, ಅವರೇ ಬಂದರೂ ತಮ್ಮ ಹೆಸರೆಂದು ಒಪ್ಪುತ್ತಿರಲಿಲ್ಲ. ಮರುದಿನ ಅದೇ ಗುಮಾಸ್ತೆಯು ಕಾಗದವನ್ನು ಓದಿ, ಎದ್ದುನಿಂತು, ನನಗೆ ನಮಸ್ಕರಿಸಿದಳು. ಕಾರ್ಡಿನ ಹಿಂಬದಿಯಲ್ಲಿ ನಮ್ಮ ವಿಳಾಸವೂ ತಾರೀಖೂ ಮೊಹರೂ ಬಿದ್ದುವು. ಸುಮಾರು ಮುನ್ನೂರು ಯೆನ್ ಕೊಟ್ಟು ‘ಜೂಮಿನ್‌ಹ್ಯೋ’ ಎಂಬ ನಿವಾಸ ಪತ್ರವನ್ನು ತೆಗೆಸಿಕೊಂಡೆವು. ನನ್ನ ಹೆಸರಿನ ಮುಂದೆ ಒಂದೇ ಅಕ್ಷರ: ‘ತ್ಸುಮಾ’. ಹೆಂಡತಿ.

ಮಾತನ್ನು ನಂಬಿದ ಸರ್ಕಾರವು ಅಷ್ಟಕ್ಕೇ ಸುಮ್ಮನಾಗುತ್ತದೆಂದು ತಿಳಿಯಬೇಡಿ. ಅದರ ಪರೀಕ್ಷೆ ಅಂಚೆಯ ಮೂಲಕ ಬರುತ್ತದೆ. ಕೆಲವು ವಾರಗಳ ಮೇಲೆ ನಮ್ಮ ಹನ್ನೆರಡು ಅಂಕಿಗಳ ನಿವಾಸಿ ಸಂಖ್ಯೆಯು ನೋಂದಾಯಿಸಿದ ಲಕೋಟೆಯಲ್ಲಿ ಬಂದಿತು. ಬ್ಯಾಂಕಿನ ಕಾರ್ಡೂ ಹಾಗೆಯೇ. ಈ ಲಕೋಟೆಗಳ ಮೇಲೆ ‘ಬೇರೆಡೆಗೆ ಕಳುಹಿಸಬಾರದು’ ಎಂಬ ಮೊಹರಿರುತ್ತದೆ. ಆ ವಿಳಾಸದಲ್ಲಿ ಆ ಹೆಸರಿನವರಿದ್ದರೆ ಕೊಡಬೇಕು. ಇಲ್ಲದಿದ್ದರೆ ಕಳುಹಿಸಿದವರಿಗೇ ಮರಳಿಸಬೇಕು. ಅಂಚೆಯವನು ಬಾಗಿಲು ತಟ್ಟಿ, ನಮ್ಮ ಹೆಸರನ್ನು ತೊದಲಿ ಓದಿ, ಸಹಿ ಪಡೆದು ಹೋದಾಗ ನಾವು ಅಲ್ಲಿರುವುದು ಸಿದ್ಧವಾಯಿತು. ಅದಕ್ಕೆ ಮೊದಲು ಬ್ಯಾಂಕಿನವರು ದೂರವಾಣಿಯ ಸಂಖ್ಯೆಯಿಲ್ಲದೆ ಖಾತೆ ಕೊಡರು, ದೂರವಾಣಿಯವರು ಖಾತೆಯಿಲ್ಲದೆ ಸಂಖ್ಯೆ ಕೊಡರು ಎಂಬ ಸುತ್ತಾಟದಲ್ಲಿ ನಮ್ಮ ಯಜಮಾನರ ಎರಡು ಶನಿವಾರಗಳು ಕಳೆದುವು. ಅದು ಎಲ್ಲ ದೇಶಗಳಲ್ಲಿಯೂ ಇರುವ ಕಥೆ, ಬಿಡೋಣ.

ಆ ನಿವಾಸ ಪತ್ರದ ಬೆಲೆ ನನಗೆ ತಿಳಿದುದು, ನಾನು ಜಪಾನೀ ಭಾಷೆ ಕಲಿಯುತ್ತಿದ್ದ ತರಗತಿಯಲ್ಲಿ ಪರಿಚಯವಾದ ಒಬ್ಬ ಜಪಾನೀ ಮಹಿಳೆಯಿಂದ. ಅವರ ಪತಿ ಪರದೇಶದವರು. 1990ರ ದಶಕದಲ್ಲಿ ಮದುವೆ. ಅವರ ಹಳೆಯ ಜೂಮಿನ್‌ಹ್ಯೋದಲ್ಲಿ ಅವರೂ ಮಕ್ಕಳೂ ಇದ್ದರು, ಗಂಡನಿರಲಿಲ್ಲ. ಕಛೇರಿಯಲ್ಲಿ ವಿಶೇಷವಾಗಿ ಕೇಳಿಕೊಂಡರೆ ಟಿಪ್ಪಣಿಯ ಅಂಕಣದಲ್ಲಿ ಒಂದು ಸಾಲು ಬರೆಯುತ್ತಿದ್ದರಂತೆ. ಶಾಲೆಗೆ ಕಾಗದ ಕೊಟ್ಟಾಗ ಮಗುವಿಗೆ ತಂದೆಯಿಲ್ಲವೇ ಎಂದು ಉಪಾಧ್ಯಾಯಿನಿ ಕನಿಕರದಿಂದ ವಿಚಾರಿಸಿದ್ದಳಂತೆ. ಆಗ ಪರದೇಶೀಯರ ದಾಖಲೆಯೇ ಬೇರೆ. 1952ರ ಕಾಯಿದೆಯೊಂದರಂತೆ ಅವರ ಹೆಸರುಗಳು ಪ್ರತ್ಯೇಕ ಪುಸ್ತಕದಲ್ಲಿರುತ್ತಿದ್ದುವು. 1955ರಿಂದ ಬೆರಳೊತ್ತನ್ನೂ ಪಡೆಯತೊಡಗಿದರು. ಅಲ್ಲಿಯೇ ಹುಟ್ಟಿ ಬೆಳೆದ ಕೊರಿಯಾದವರು ಬೆರಳೊತ್ತಲು ನಿರಾಕರಿಸಿ ಸೆರೆಗೂ ಹೋದರು. ಶಾಶ್ವತ ನಿವಾಸಿಗಳಿಗೆ 1993ರಲ್ಲಿಯೂ, ಉಳಿದವರಿಗೆ 2000ದಲ್ಲಿಯೂ ಆ ನಿಯಮ ತಪ್ಪಿತು. ಪುಸ್ತಕ ಮಾತ್ರ ಬೇರೆಯಾಗಿಯೇ ಉಳಿಯಿತು.

ಇಷ್ಟರಲ್ಲಿ ಒಂದು ತಮಾಷೆ ನಡೆಯಿತು. 2002ರಲ್ಲಿ ತಾಮಾ ನದಿಯಲ್ಲಿ ಉತ್ತರ ಸಮುದ್ರಗಳ ಒಂದು ಗಡ್ಡದ ಸೀಲ್ ಪ್ರಾಣಿ ಕಾಣಿಸಿಕೊಂಡಿತು. ಜನ ಅದಕ್ಕೆ ‘ತಾಮಾ-ಚಾನ್’ ಎಂದು ಮುದ್ದಿನ ಹೆಸರಿಟ್ಟು ಮುಗಿಬಿದ್ದು ನೋಡಿದರು. 2003ರ ಫೆಬ್ರುವರಿಯಲ್ಲಿ ಯೊಕೊಹಾಮಾ ನಗರದ ಒಂದು ವಾರ್ಡಿನವರು ಅದಕ್ಕೆ ಗೌರವಾರ್ಥವಾಗಿ ನಿವಾಸ ಪತ್ರವನ್ನು ದಯಪಾಲಿಸಿದರು. ಇದನ್ನು ಕಂಡು, ವರ್ಷಗಟ್ಟಲೆ ತೆರಿಗೆ ಕೊಟ್ಟು ಬಾಳುತ್ತಿದ್ದ ಕೆಲವು ಪರದೇಶೀಯರು ಕೆನ್ನೆಗಳ ಮೇಲೆ ಸೀಲಿನ ಮೀಸೆ ಬರೆದುಕೊಂಡು ಮೆರವಣಿಗೆ ಹೊರಟರು. ಸೀಲಿಗೆ ಕೊಟ್ಟುದನ್ನು ನಮಗೂ ಕೊಡಿ ಎಂದರು. 2012ರ ಜುಲೈ 9ರಂದು ಹಳೆಯ ಪುಸ್ತಕ ಮುಚ್ಚಿತು. ಅಂದಿನಿಂದ ಗಂಡ ಹೆಂಡಿರ ಹೆಸರುಗಳು ಒಂದೇ ಹಾಳೆಯ ಮೇಲೆ ಬರುತ್ತಿವೆ. ಆ ಮಹಿಳೆಯು ಹೊಸ ಪತ್ರವನ್ನು ತೆಗೆಸಿದ ದಿನ ಅದನ್ನು ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿದರಂತೆ.

ನಮ್ಮಲ್ಲಿಯೂ ಪರದೇಶೀಯರಿಗೆ ಇಂತಹುದೇ ಪಾಡು. ಬಿಡದಿಯ ಮೋಟಾರು ಕಾರ್ಖಾನೆಗೆಂದು ಬರುವ ಜಪಾನೀಯರು ಯಾವ ಮನೆಯಲ್ಲಿ ಇಳಿದರೂ ಇಪ್ಪತ್ತನಾಲ್ಕು ಗಂಟೆಗಳೊಳಗೆ ಮನೆಯವರು ಒಂದು ನಮೂನೆಯನ್ನು ಸರ್ಕಾರಕ್ಕೆ ಕಳುಹಿಸಬೇಕು. ಇಲ್ಲಿ ನೋಂದಣಿಗೆ ವಾಸದ ದಾಖಲೆಯೂ ಬೇಕು, ಮಾತು ಸಾಲದು.

ಎದೋಗಾವಾ ಬಹುಪಾಲು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ನೆಲ. 2019ರಲ್ಲಿ ಅದೇ ವಾರ್ಡಿನವರು ಮನೆಮನೆಗೂ ಪ್ರವಾಹದ ನಕ್ಷೆಯೊಂದನ್ನು ಹಂಚಿದರು. ಅದರ ಮುಖಪುಟದಲ್ಲಿ ನಮ್ಮ ವಾರ್ಡಿನ ಮೇಲೆ ‘ಇಲ್ಲಿರಕೂಡದು’ ಎಂದು ಅಚ್ಚಾಗಿತ್ತು. ಮಹಾಪೂರ ಬರುವ ಸೂಚನೆಯಾದರೆ ಬೇರೆ ಕಡೆಗೆ ಹೋಗಿ ಎಂಬುದು ಅದರ ಆಶಯ. ನಾವು ಅಲ್ಲಿರುವೆವೆಂದು ಮೊಹರು ಹಾಕಿಕೊಟ್ಟವರೇ ಅಲ್ಲಿರಕೂಡದೆಂದು ಬರೆದುದನ್ನು ಧಾರವಾಡದವರು ಓದಿ ಹೇಳಿದಾಗ ಎರಡು ಮನೆಯವರೂ ಬಹಳ ಹೊತ್ತು ನಕ್ಕೆವು.

2021ರಲ್ಲಿ ಹಿಂದಿರುಗುವ ಮೊದಲು ಕಛೇರಿಗೆ ಹೋಗಿ ಊರು ಬಿಡುವ ಸುದ್ದಿಯನ್ನು ತಿಳಿಸಿದೆವು. ವಿಮಾನ ನಿಲ್ದಾಣದ ಅಧಿಕಾರಿಯು ನನ್ನ ಕಾರ್ಡಿಗೆ ಒಂದು ತೂತು ಹೊಡೆದು, ಎರಡೂ ಕೈಗಳಿಂದ ಹಿಂದಕ್ಕೆ ಕೊಟ್ಟನು. ಹಿಂಬದಿಯಲ್ಲಿ ವಿಳಾಸ ಹಾಗೆಯೇ ಇತ್ತು.